ನಾಗಾವ್ ಬಂಗಲೆ, ನಾಲ್ಕು ಮನೆ, 16 ಜನ: ಖರ್ಚು, ಅಡುಗೆ ಹೇಗೆ ಹಂಚಿಕೊಳ್ಳೋದು?

ವಾಕಡ್ ಕನ್ನಡತಿ (ಪುಣೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಲಿಬಾಗ್ ಹತ್ತಿರದ ನಾಗಾವ್‌ನಲ್ಲಿ ಒಂದು ಬಂಗಲೆ ಹಿಡಿಯುತ್ತಿದ್ದೇವೆ. ಶುಕ್ರವಾರ ಸಂಜೆ ತಲುಪಿ ಭಾನುವಾರ ವಾಪಸ್. ನಾಲ್ಕು ಕೋಣೆ, ಹಾಲ್, ಅಡುಗೆಮನೆ ಇದೆ. ಬಾಡಿಗೆ ರಾತ್ರಿಗೆ 18,000, ಎರಡು ರಾತ್ರಿಗೆ 36,000 ರೂ. ಬರುವವರು ಒಡಹುಟ್ಟಿದ ನಾಲ್ವರ ಸಂಸಾರ. ಲೆಕ್ಕಕ್ಕೆ ಸುಲಭವಾಗಲಿ ಅಂತ ಕ, ಖ, ಗ, ಘ ಅಂತ ಬರೆಯುತ್ತೇನೆ.

ಕ: ನಾವಿಬ್ಬರು, ಮಕ್ಕಳಿಗೆ 14 ಮತ್ತು 9 ವರ್ಷ.
ಖ: ಅಣ್ಣ, ಅತ್ತಿಗೆ, 6 ವರ್ಷದ ಮಗು, ಅವರ ಜೊತೆಗಿರುವ ನಮ್ಮ ಅಪ್ಪ-ಅಮ್ಮ.
ಗ: ತಮ್ಮ ಮತ್ತು ಅವನ ಹೆಂಡತಿ. ಠಾಣೆಯಿಂದ ಶನಿವಾರ ಸಂಜೆಗೆ ಬರ್ತಾರೆ.
ಘ: ತಂಗಿ, ಅವಳ ಗಂಡ, ಅವಳ ಅತ್ತೆ, ಮಕ್ಕಳಿಗೆ 11 ಮತ್ತು 3 ವರ್ಷ. ಇವರಿಗೆ ಕಾರಿಲ್ಲ.

ಒಟ್ಟು ಖರ್ಚನ್ನು ನಾಲ್ಕು ಭಾಗ ಮಾಡೋಣ ಅಂತ ಒಬ್ಬರು, ತಲೆ ಲೆಕ್ಕ ಹಾಕೋಣ ಅಂತ ಇನ್ನೊಬ್ಬರು. ಅಪ್ಪ-ಅಮ್ಮ ಈರುಳ್ಳಿ-ಬೆಳ್ಳುಳ್ಳಿ ಬಿಟ್ಟಿದ್ದಾರೆ, ಏಕಾದಶಿ ಹಿಡೀತಾರೆ. ಮೂರು ಜೋಡಿಗೆ ಮೀನು ಬೇಕೇ ಬೇಕು. ತಡವಾಗಿ ಬರುವವರ ಪಾಲು ಎಷ್ಟು, ಮಕ್ಕಳದ್ದು ಎಷ್ಟು, ಸಾಮಾನು ಎಷ್ಟು ಒಯ್ಯಬೇಕು, ಅಡುಗೆ ಯಾರು ಮಾಡಬೇಕು? ದುಡ್ಡಿನ ವಿಷಯಕ್ಕೆ ಯಾರ ಮನಸ್ಸೂ ಮುರಿಯಬಾರದು, ಅದೊಂದೇ ಆಸೆ. ತಿಳಿದವರು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ (ಕೋಥ್ರೂಡ್, ಪುಣೆ):

ನಾಲ್ಕು ಭಾಗವೂ ಬೇಡ, ಬರೀ ತಲೆ ಲೆಕ್ಕವೂ ಬೇಡ. ಪ್ರತಿ ಖರ್ಚು ಯಾವುದರಿಂದ ಹುಟ್ಟುತ್ತದೋ ಅದರ ಮೇಲೆಯೇ ಹಂಚಬೇಕು. ಊಟದ ಖರ್ಚು ಹುಟ್ಟುವುದು ಎಷ್ಟು ಜನ ಎಷ್ಟು ಹೊತ್ತು ಉಂಡರು ಅನ್ನುವುದರಿಂದ. ಮೀನಿನ ಖರ್ಚು ತಿಂದವರಿಂದ. ಬಂಗಲೆಯದು ಸ್ವಲ್ಪ ಕೋಣೆಯಿಂದ, ಸ್ವಲ್ಪ ಜನರಿಂದ. ಹೀಗಾಗಿ ಒಂದೇ ಪಟ್ಟಿಯಲ್ಲಿ ನಾಲ್ಕು ಬೇರೆ ಬೇರೆ ಲೆಕ್ಕ ಇರುತ್ತದೆ. ಇದನ್ನು ಹೊರಡುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಎಲ್ಲರ ಒಪ್ಪಿಗೆ ತಗೊಳ್ಳಿ. ವಾಪಸ್ ಬಂದ ಮೇಲೆ ನಿಯಮ ಮಾಡಲು ಕೂತರೆ, ಯಾವ ನಿಯಮದಿಂದ ಯಾರಿಗೆ ಲಾಭ ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಜಗಳ ಶುರುವಾಗುವುದೇ ಅಲ್ಲಿ.

ಊಟದ ಲೆಕ್ಕ: 12 ವರ್ಷ ದಾಟಿದವರೆಲ್ಲ 1 ಪಾಲು, 5ರಿಂದ 11 ವರ್ಷದವರು ಅರ್ಧ ಪಾಲು, 5ರ ಒಳಗಿನ ಮಗು ಸೊನ್ನೆ. ಹೀಗೆ ಹಾಕಿದರೆ ಕ 3.5, ಖ 4.5, ಗ 2, ಘ 3.5. ಒಟ್ಟು 13.5 ಪಾಲು.

ಈಗ ಹೊತ್ತು. ಮಧ್ಯಾಹ್ನ, ರಾತ್ರಿ ಊಟಕ್ಕೆ 1, ತಿಂಡಿಗೆ ಅರ್ಧ. ಶುಕ್ರವಾರ ರಾತ್ರಿ 1, ಶನಿವಾರ ತಿಂಡಿ ಮತ್ತು ಎರಡು ಊಟ ಸೇರಿ 2.5, ಭಾನುವಾರ ತಿಂಡಿ ಮತ್ತು ಬುತ್ತಿ 1.5. ಒಟ್ಟು 5. ತಡವಾಗಿ ಬರುವ ಗ ಮನೆಗೆ ಶನಿವಾರ ರಾತ್ರಿಯಿಂದ 2.5 ಮಾತ್ರ. ಪಾಲನ್ನು ಹೊತ್ತಿನಿಂದ ಗುಣಿಸಿ: ಕ 17.5, ಖ 22.5, ಗ 5, ಘ 17.5. ಒಟ್ಟು 62.5. ದಿನಸಿ, ತರಕಾರಿ, ಹಾಲು, ನೀರಿನ ಜಾರ್, ಹೊರಗಿನ ಊಟ ಎಲ್ಲ ಸೇರಿ 12,500 ರೂ. ಆಯಿತು ಅಂತಿಟ್ಟುಕೊಳ್ಳಿ, ಒಂದಕ್ಕೆ 200 ಬೀಳುತ್ತದೆ. ಕ 3,500, ಖ 4,500, ಗ 1,000, ಘ 3,500. ಇದನ್ನೇ ಸುಮ್ಮನೆ ನಾಲ್ಕು ಭಾಗ ಮಾಡಿದ್ದರೆ ಎರಡು ಊಟ, ಒಂದು ತಿಂಡಿಗೆ ಬಂದ ಗಂಡ-ಹೆಂಡತಿ 3,125 ಕೊಡಬೇಕಿತ್ತು, ಮೂರು ಪಟ್ಟಿಗಿಂತ ಹೆಚ್ಚು. ಬಾಯಿಬಿಟ್ಟು ಹೇಳದಿದ್ದರೂ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಏಕಾದಶಿ ಆ ಮೂರು ದಿನದಲ್ಲಿ ಬೀಳುತ್ತದೆಯೇ ಅಂತ ಪಂಚಾಂಗ ಈಗಲೇ ನೋಡಿ. ಬಿದ್ದರೆ ಆ ದಿನ ಹಿರಿಯರ ಪಾಲು ಸೊನ್ನೆ, ಹಣ್ಣು-ಹಾಲು ಸಾಮಾನ್ಯ ಖಾತೆಯಿಂದಲೇ.

ಬಂಗಲೆ: ಕೋಣೆಗೊಂದು ಮನೆ ಅಂತ ತಲಾ 9,000 ಹಾಕಿದರೆ ಇಬ್ಬರ ಮನೆಗೂ ಐವರ ಮನೆಗೂ ಒಂದೇ. ಪೂರ್ತಿ ತಲೆ ಲೆಕ್ಕ ಹಾಕಿದರೆ ಐವರು ಒಂದೇ ಕೋಣೆಯಲ್ಲಿ ಮುದುರಿಕೊಂಡು ಮಲಗಿ ಹೆಚ್ಚು ದುಡ್ಡು ಕೊಡಬೇಕಾಗುತ್ತದೆ. ಅದಕ್ಕೆ ಅರ್ಧ ಬಾಡಿಗೆ ಕೋಣೆಗೆ, ಅರ್ಧ ಪಾಲಿಗೆ. 18,000 ಕೋಣೆ ಲೆಕ್ಕದಲ್ಲಿ ತಲಾ 4,500. ಉಳಿದ 18,000 ಅನ್ನು 13.5ರಿಂದ ಭಾಗಿಸಿದರೆ ಪಾಲಿಗೆ 1,333 ರೂ. ಚಿಲ್ಲರೆ. ಕೂಡಿಸಿದರೆ ಕ 9,167, ಖ 10,500, ಗ 7,167, ಘ 9,166.

ಗ ಮನೆಯವರು ಒಂದೇ ರಾತ್ರಿ ಇರುವುದರಿಂದ ಬಾಡಿಗೆ ಅರ್ಧ ಮಾಡಬೇಕೇ? ಬೇಡ ಅನ್ನುತ್ತೇನೆ. ಬಂಗಲೆ ಇಡಿಯಾಗಿ ಹಿಡಿದಿದ್ದು, ಅವರು ಬಾರದ ರಾತ್ರಿಯೂ ಆ ಕೋಣೆಗೆ ಬಾಡಿಗೆ ಓಡುತ್ತದೆ. ಆದರೆ ಶುಕ್ರವಾರ ರಾತ್ರಿ ಖ ಮನೆಯ ಹಿರಿಯರು ಆ ಖಾಲಿ ಕೋಣೆಯಲ್ಲಿ ಮಲಗಿದರೆ, ಒಂದು ರಾತ್ರಿಯ ಕೋಣೆ ಭಾಗ 2,250 ಖ ಮನೆಗೆ ಹೋಗಬೇಕು. ಇದನ್ನೂ ಮೊದಲೇ ಬರೆದಿಡಿ.

ಮಾಲೀಕರನ್ನು ಕೇಳಬೇಕಾದದ್ದು: 3 ವರ್ಷದ ಮಗುವನ್ನು ತಲೆಗೆ ಹಿಡಿಯುತ್ತಾರಾ, ಹೆಚ್ಚುವರಿ ಹಾಸಿಗೆಗೆ ಬೇರೆ ದುಡ್ಡಾ, ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯಾ, ಅಡುಗೆಮನೆ ಬಳಸಲು ಬೇರೆ ಶುಲ್ಕ ಇದೆಯಾ, ಮೀನು-ಮಾಂಸ ಬೇಯಿಸಲು ಬಿಡುತ್ತಾರಾ, ಖಾಲಿ ಮಾಡುವ ಹೊತ್ತು ಎಷ್ಟು. ಬೆಳಗ್ಗೆ 10 ಅಥವಾ 11ಕ್ಕೆ ಖಾಲಿ ಮಾಡಿ ಅನ್ನುವುದೇ ಹೆಚ್ಚು. ಹಾಗಿದ್ದರೆ ಭಾನುವಾರ ಮಧ್ಯಾಹ್ನದ ಊಟ ಅಲ್ಲಿ ಆಗುವುದಿಲ್ಲ, ಬುತ್ತಿಯೇ ಗತಿ. ಡಿಪಾಸಿಟ್ ಕೊಟ್ಟರೆ ಅದನ್ನು ಖರ್ಚಿನಲ್ಲಿ ಬರೆಯಬೇಡಿ. ವಾಪಸ್ ಬರುವ ದುಡ್ಡು ಅದು. ಏನಾದರೂ ಮುರಿದು ಕಡಿತವಾದರೆ ಮಾತ್ರ ಆ ಮನೆಯ ಹೆಸರಿಗೆ.

ದುಡ್ಡು ಹಿಡಿಯುವವರು ಒಬ್ಬರೇ ಇರಲಿ. ಅಂದಾಜಿನ 80 ಶೇಕಡಾ ಹೊರಡುವ ವಾರ ಮೊದಲೇ ಎಲ್ಲರಿಂದ ಬರಲಿ. ಖರ್ಚು ಹಂಚುವ ಕೆಲವು ಆ್ಯಪ್‌ಗಳು ಉಚಿತ ಆವೃತ್ತಿಯಲ್ಲಿ ದಿನಕ್ಕೆ ಕೆಲವೇ ಖರ್ಚು ಬರೆಯಲು ಬಿಡುತ್ತವೆ. ಹೀಗಾಗಿ ಗೂಗಲ್ ಶೀಟ್‌ನಲ್ಲಿ ಐದು ಕಾಲಂ ಸಾಕು: ದಿನ, ಏನು, ಎಷ್ಟು, ಕೊಟ್ಟವರು, ಯಾವ ಲೆಕ್ಕ (ಕೋಣೆ, ಊಟ, ಮೀನು, ಮನೆಗೊಂದು). ಬಿಲ್ಲಿನ ಫೋಟೋ ಅದೇ ಗುಂಪಿಗೆ. ಐನೂರು, ನೂರು, ಐವತ್ತರ ನೋಟುಗಳಲ್ಲಿ ಮೂರ್ನಾಲ್ಕು ಸಾವಿರ ಕೈಯಲ್ಲಿರಲಿ. ತೆಂಗಿನಕಾಯಿ, ಎಳನೀರು, ಮೀನು ಕೊಳ್ಳುವ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಇದೇ ಆಸರೆ.

ಖಡಕ್ ರೊಟ್ಟಿ (ಹಡಪ್ಸರ್, ಪುಣೆ):

ಅಕ್ಕಾರ, ಲೆಕ್ಕ ಅವರು ಹೇಳ್ಯಾರ, ನಾ ಅಡಗಿ ಹೇಳ್ತೀನಿ. ಬಂಗಲೆ ಅಡಗಿಮನಿಯೊಳಗ ತಪ್ಪೂದು ರುಚಿ ಅಲ್ಲ, ಪಾತ್ರಿ. ಅಲ್ಲಿರೂ ಕುಕ್ಕರ ಬಹಳ ಕಡೆ 3 ಇಲ್ಲಾ 5 ಲೀಟರಿಂದು. ಅಕ್ಕಿ, ಬ್ಯಾಳಿ ಉಬ್ಬತಾವ, ನೊರಿ ಬರ್ತದ, ಅದಕ್ಕ ನೀರು ಸೇರಿ ಅರ್ಧದ ಮ್ಯಾಲೆ ತುಂಬಬಾರದು. ತುಂಬಿದ್ರ ನೊರಿ ಸೀಟಿ ದಾರಿಯೊಳಗ ಸಿಕ್ಕೊಂಡು ಒತ್ತಡ ಹೊರಗ ಹೋಗೂದಿಲ್ಲ. 5 ಲೀಟರ್ ಕುಕ್ಕರಿನ್ಯಾಗ ಒಂದು ಸಲಕ್ಕ 800 ಗ್ರಾಂ ಅಕ್ಕಿ ಅಂದ್ರ ಅದೇ ಕಡೀಮಿತಿ. ಮನಿಯಿಂದ ಒಂದು ದೊಡ್ಡ ಕುಕ್ಕರ, 12 ಲೀಟರಿನ ಒಂದು ಪಾತೇಲಿ, ದೊಡ್ಡ ಸೌಟು, ಒಳ್ಳೆ ಚಾಕು, ಲೈಟರ್ ಒಯ್ಯಿರಿ. ಮಿಕ್ಸಿ ಅದ ಅಂತ ಹೇಳ್ತಾರ, ಅದರ ಸಣ್ಣ ಜಾರ್ ಇರೂದಿಲ್ಲ. ಅದಕ್ಕ ರುಬ್ಬೂ ಅಡಗಿ ಇಟ್ಕೋಬ್ಯಾಡ್ರಿ.

ಸಿಲಿಂಡರ್ ಎತ್ತಿ ನೋಡ್ರಿ. ಖಾಲಿ ತೂಕ ಅದರ ಕೊರಳಪಟ್ಟಿ ಮ್ಯಾಲೆ ಬರದಿರ್ತದ. ನಿಮ್ಮ ಎರಡು ದಿನಕ್ಕ 3 ಕಿಲೋ ಗ್ಯಾಸ್ ಸಾಕು. ಬರೀ ಇಂಡಕ್ಷನ್ ಇದ್ರ ಕರೆಂಟ್ ಹೋದಾಗ ಇನ್ವರ್ಟರ್ ಅದನ್ನ ನಡಸೂದಿಲ್ಲ, ಮೊದಲ ಕೇಳ್ಕೋರಿ.

ಶುಕ್ರವಾರ ರಾತ್ರಿ ಅಡಗಿ ಅಲ್ಲಿ ಮಾಡಬ್ಯಾಡ್ರಿ. ಪ್ರಯಾಣ ಮಾಡಿ ದಣದವರು ಸಾಮಾನು ಬಿಚ್ಚಿ ಒಲಿ ಹಚ್ಚೂದ್ರಾಗ ರಾತ್ರಿ ಹತ್ತು ಆಗ್ತದ, ಹುಡುಗರು ಉಣ್ಣದ ಮಲಗ್ತಾವ. ಅವತ್ತ ಇರೂದು 11.5 ಪಾಲು, ಮೂರರಂಗ 35 ಚಪಾತಿ ಆತು. 1 ಕಿಲೋ ಹಿಟ್ಟಿಗೆ 35ರಿಂದ 40 ಚಪಾತಿ ಬರ್ತಾವ. ಮನಿಯೊಳಗ ಆಗದಿದ್ರ ಪುಣೆದಾಗ ಪೋಳಿ-ಭಾಜಿ (ಚಪಾತಿ-ಪಲ್ಯ) ಕೇಂದ್ರ ಓಣಿಗೊಂದು ಅದಾವ, ಹಿಂದಿನ ದಿನ ಹೇಳಿ ಇಡ್ರಿ. ಇನ್ನೊಂದು ಮನಿ ಒಂದೂವರೆ ಕಿಲೋ ಬಟಾಟಿ ಒಣ ಪಲ್ಯ, ಮೂರನೇ ಮನಿ ಪುಳಿಯೋಗರೆ ಗೊಜ್ಜು. ಅಲ್ಲಿ ಹೋಗಿ ಅನ್ನ ಒಂದು ಇಟ್ರ ಸಾಕು.

ಶನಿವಾರ ಉಪ್ಪಿಟ್ಟು. ಪಾಲಿಗೆ 70 ಗ್ರಾಂ ಅಂದ್ರ 800 ಗ್ರಾಂ ರವಾ. ಮನಿಯೊಳಗ ಹುರಿದು, ಆರಿಸಿ, ಡಬ್ಬಿಗೆ ಹಾಕ್ರಿ. ಬಿಸಿ ಇದ್ದಾಗ ಮುಚ್ಚಿದ್ರ ಬೆವರಿ ಗಂಟಾಗ್ತದ. ನೀರು 2.8 ಲೀಟರ್, ಅಳತಿಗೆ ಎರಡೂವರೆ ಪಟ್ಟು. ಉಳ್ಳಾಗಡ್ಡಿ ಹಾಕದೇ ಮಾಡ್ರಿ, ಗಜ್ಜರಿ, ಬಟಾಣಿ, ಹಸಿ ಶುಂಠಿ ಹಾಕಿದ್ರ ಯಾರೂ ಉಳ್ಳಾಗಡ್ಡಿ ನೆನಸೂದಿಲ್ಲ. ಎರಡು ಪಾತ್ರಿಯೊಳಗ ಎರಡು ಉಪ್ಪಿಟ್ಟು ಮಾಡೂದು ಅಂದ್ರ ಎರಡು ಪಟ್ಟು ಕೆಲಸ. ಹಿರಿಯರಿಗೆ ಆಗೂದನ್ನ ಎಲ್ಲಾರಿಗೂ ಮಾಡಿ, ಬೇಕಾದವರಿಗೆ ಹಸಿ ಉಳ್ಳಾಗಡ್ಡಿ ಹೆಚ್ಚಿ ಬದಿಗೆ ಇಡ್ರಿ.

ಶನಿವಾರ ರಾತ್ರಿ ಎಲ್ಲಾರೂ ಕೂಡಿರ್ತೀರಿ, ಬಿಸಿಬೇಳೆಬಾತ್ ಹಚ್ಚರಿ. 13.5 ಪಾಲಿಗೆ ಅಕ್ಕಿ 900 ಗ್ರಾಂ, ತೊಗರಿಬ್ಯಾಳಿ 600 ಗ್ರಾಂ, ಹುರಳಿಕಾಯಿ, ಗಜ್ಜರಿ, ಬಟಾಣಿ, ಬಟಾಟಿ ಕೂಡಿ 1.25 ಕಿಲೋ, ಪುಡಿ 140 ಗ್ರಾಂ, ಹುಣಸಿಹಣ್ಣು 100 ಗ್ರಾಂ, ಬೆಲ್ಲ 50 ಗ್ರಾಂ, ತುಪ್ಪ 200 ಗ್ರಾಂ, ಎಲ್ಲಾ ಹಂತ ಸೇರಿ ನೀರು 6 ಲೀಟರ್. ಉಪ್ಪು 80 ಗ್ರಾಂ ಹಾಕಿ ರುಚಿ ನೋಡ್ರಿ. ಬ್ಯಾಳಿ ಬೇರೆ, ಅಕ್ಕಿ ಬೇರೆ ಬೇಯಿಸಿ, ಅಕ್ಕಿ ಎರಡು ಸರ್ತಿಗೆ. ಹುಣಸಿ ನೀರು ಬ್ಯಾಳಿ ಪೂರ್ತಿ ಬೆಂದ ಮ್ಯಾಲೇ ಹಾಕಬೇಕು. ಹುಳಿ ಮೊದಲ ಬಿದ್ರ ಬ್ಯಾಳಿ ಬೇಯೂದಿಲ್ಲ. ಬಡಿಸೂ ಹೊತ್ತಿಗೆ ಗಟ್ಟಿ ಆಗಿರ್ತದ, ಒಂದು ಲೀಟರ್ ಕುದಿಯೂ ನೀರು ಬದಿಗೆ ಇಟ್ಕೋರಿ.

ಭಾನುವಾರ ಅವಲಕ್ಕಿ, ಪಾಲಿಗೆ 60 ಗ್ರಾಂ, ಒಟ್ಟು 800. ಬುತ್ತಿಗೆ ಅನ್ನ ಬ್ಯಾಡ. ರಾತ್ರಿ ಅನ್ನ ಹೊರಗ ಇಟ್ಟು ಮರುದಿನ ಕಲಿಸಿ ಕಟ್ಟಿದ್ರ ಕೊಂಕಣದ ಹವಾಕ್ಕ ಅದು ಕೆಡ್ತದ. ಮತ್ತ ಬಿಸಿ ಮಾಡಿದ್ರೂ ಅದರೊಳಗ ಹುಟ್ಟಿದ ವಿಷ ಹೋಗೂದಿಲ್ಲ, ಹುಡುಗರಿಗೆ ವಾಂತಿ ಹಿಡೀತದ. ಹಸಿ ಕೊಬ್ಬರಿ ಚಟ್ನಿಯೂ ನಾಕು ತಾಸು ತಡಿಯೂದಿಲ್ಲ. 40 ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ 250 ಗ್ರಾಂ, ಗುರೆಳ್ಳು ಚಟ್ನಿ 100 ಗ್ರಾಂ, ಪಾಕೀಟಿನ ಮೊಸರು ಒಂದೂವರೆ ಕಿಲೋ, ಸೌತೀಕಾಯಿ. ಒಲಿ ಹಚ್ಚೂದೇ ಇಲ್ಲ. ಒಂದು ಮಾತು ನೆನಪಿರಲಿ: ಶೇಂಗಾ ಚಟ್ನಿಗೆ ಬಳ್ಳೊಳ್ಳಿ ಬಿದ್ದೇ ಬೀಳ್ತದ. ಅಪ್ಪಾರಿಗೆ, ಅಮ್ಮಾರಿಗೆ ಬಳ್ಳೊಳ್ಳಿ ಇಲ್ಲದ್ದು ಬ್ಯಾರೆ ಕುಟ್ಟಿಸಿ, ಡಬ್ಬಿ ಮ್ಯಾಲೆ ಬರದು ಇಡ್ರಿ. ಚಮಚ ಬದಲಾಗಬಾರದು.

ಹಾಲು ಎಲ್ಲಾರೂ ಕಮ್ಮಿ ಹಿಡೀತಾರ. ಹನ್ನೊಂದು ದೊಡ್ಡವರು, ಮೂರು ಸರ್ತಿ ಚಹಾ, ಕಪ್ಪಿಗೆ 70 ಮಿಲಿ ಅಂದ್ರ 2.3 ಲೀಟರ್. ಐದು ಹುಡುಗರಿಗೆ ಒಂದು ಲೀಟರ್. ಮ್ಯಾಲಿಂದ ಅರ್ಧ ಲೀಟರ್ ಹಿಡೀರಿ. ಪೂರ್ತಿ ದಿನಕ್ಕ 4 ಲೀಟರ್ ಬೇಕು. ಮುಂಜಾನೆ ಅಂಗಡಿ ತೆಗಿಯೂದು ತಡ ಆದ್ರ ಅಂತ ಎರಡು ಲೀಟರ್ ಟೆಟ್ರಾ ಪ್ಯಾಕ್ ಇಟ್ಕೋರಿ, ಒಡಿಯೂ ತನಕ ಫ್ರಿಜ್ ಬ್ಯಾಡ.

ಠಾಣೆ ಕರಾವಳಿ (ಠಾಣೆ):

ಮೇಲಿನ ಇಬ್ಬರೂ ಹೇಳದೆ ಬಿಟ್ಟದ್ದಷ್ಟನ್ನೇ ಬರೆಯುತ್ತೇನೆ.

ನೀರು. ಸಮುದ್ರದ ಪಕ್ಕದ ಬಾವಿ, ಬೋರ್‌ವೆಲ್ ನೀರು ಗಡಸಾಗಿದ್ದರೆ ಎಷ್ಟು ಸೀಟಿ ಹೊಡೆಸಿದರೂ ಬೇಳೆ ಕರಗುವುದಿಲ್ಲ, ಚಹಾವೂ ಸಪ್ಪೆ. ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಕೂಡಿ ಅದನ್ನು ಗಟ್ಟಿ ಮಾಡುತ್ತದೆ. ಬೇಳೆ, ಅನ್ನ, ಚಹಾಕ್ಕೆ ಜಾರ್ ನೀರನ್ನೇ ಬಳಸಿ. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಹಿಡಿದರೆ 16 ಜನಕ್ಕೆ 64 ಲೀಟರ್, ಅಂದರೆ 20 ಲೀಟರಿನ ಮೂರು ಜಾರ್ ಮತ್ತು ಸ್ವಲ್ಪ. ಒಟ್ಟು ವಾಸಕ್ಕೆ ಆರು ಜಾರ್ ಹೇಳಿಡಿ, ಶುಕ್ರವಾರ ನೀವು ತಲುಪುವ ಮೊದಲೇ ಮೂರು ಬಂದಿರಲಿ.

ಶನಿವಾರ ಮಧ್ಯಾಹ್ನ ದಯವಿಟ್ಟು ಅಡುಗೆ ಮಾಡಬೇಡಿ. ನಾಗಾವ್‌ನಲ್ಲಿ ಮನೆ ಮನೆಯಲ್ಲೂ ಖಾನಾವಳಿ ಊಟ ಸಿಗುತ್ತದೆ, ಬಂಗಲೆಯ ಕೇರ್‌ಟೇಕರ್ ಮನೆಯವರೂ ಮಾಡಿಕೊಡುತ್ತಾರೆ. ಹಿಂದಿನ ರಾತ್ರಿಯೇ ಎಷ್ಟು ತಟ್ಟೆ ಅಂತ ಹೇಳಬೇಕು, ಬೆಳಗ್ಗೆ ಹೇಳಿದರೆ ಆಗುವುದಿಲ್ಲ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಎರಡು ತಟ್ಟೆಗೆ ಮರಾಠಿಯಲ್ಲಿ 'ಕಾಂದಾ-ಲಸೂಣ್ ನಕೋ' ಅಂತ ಹೇಳಿ, ವರಣ-ಭಾತ್ (ಬೇಳೆ-ಅನ್ನ) ಮತ್ತು ತುಪ್ಪ ಕೇಳಿ. ಭಾಜಿಗಿಂತ ಅದೇ ಸುರಕ್ಷಿತ. ಯಾಕೆಂದರೆ ಭಾಜಿಯ ವಾಟಣ (ರುಬ್ಬಿದ ಮಸಾಲೆ) ಮೊದಲೇ ಒಟ್ಟಿಗೆ ರುಬ್ಬಿಟ್ಟಿರುತ್ತಾರೆ. ಅಲಿಬಾಗ್‌ನ ಸಮುದ್ರದಲ್ಲಿರುವ ಕುಲಾಬಾ ಕೋಟೆಗೆ ಹೋಗುವುದಿದ್ದರೆ ಸಮುದ್ರ ಇಳಿದಾಗ ಮಾತ್ರ ನಡೆದು ಹೋಗಬಹುದು. ಆ ದಿನದ ಇಳಿತದ ಹೊತ್ತು ನೋಡಿಕೊಂಡೇ ಊಟದ ಹೊತ್ತು ಗೊತ್ತುಮಾಡಿ.

ಮೀನು. ಶನಿವಾರ ಬೆಳಗ್ಗೆಯೇ ಕೊಳ್ಳಿ, ರಾತ್ರಿಗೆ ಬೇಕಾದರೂ. ಕಿವಿರು ಕೆಂಪಾಗಿರಬೇಕು, ಕಣ್ಣು ಉಬ್ಬಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಆರು ಜನಕ್ಕೆ ಬರೀ ಫ್ರೈ ಅಂದರೆ ಸ್ವಚ್ಛ ಮಾಡಿದ ಮೇಲೆ ಒಂದರಿಂದ ಒಂದೂಕಾಲು ಕಿಲೋ ಸುರಮೈ (ಅಂಜಲ್) ತುಂಡು ಸಾಕು. ಬಂಗಡೆಯಾದರೆ ತಲೆಗೆರಡು, ಒಟ್ಟು ಹನ್ನೆರಡು. ಶುದ್ಧ ಮಾಡಿಸಿಯೇ ತನ್ನಿ, ಐಸ್ ಹಾಕಿದ ಥರ್ಮೋಕೋಲ್ ಡಬ್ಬಿಯಲ್ಲಿ ಫ್ರಿಜ್‌ನ ಹೊರಗೇ ಇಡಿ. ಹಾಲು-ಮೊಸರಿನ ಫ್ರಿಜ್‌ನಲ್ಲಿ ಇಟ್ಟರೆ ಹಿರಿಯರು ಭಾನುವಾರ ಮೊಸರನ್ನೂ ಮುಟ್ಟುವುದಿಲ್ಲ ಮಾರಾಯ್ರೆ. ಇನ್ನೂ ಒಳ್ಳೆಯದು ಖಾನಾವಳಿಯವರಿಂದಲೇ ಫ್ರೈ ಮಾಡಿಸಿ ತರುವುದು. ಸಸ್ಯಾಹಾರಿಗಳ ಬಾಣಲೆಗೂ ತೊಂದರೆಯಿಲ್ಲ, ಎಣ್ಣೆಯ ಹೊಗೆಯೂ ಹಾಲ್ ತುಂಬುವುದಿಲ್ಲ.

ವಾಹನ. ಟೆಂಪೋ ಟ್ರಾವೆಲರ್ ಬಾಡಿಗೆಗೆ ದಿನಕ್ಕೆ 300 ಕಿ.ಮೀ. ಕನಿಷ್ಠ ಅಂತ ಹಿಡಿಯುವುದು ರೂಢಿ. ಮೂರು ದಿನಕ್ಕೆ 900 ಕಿ.ಮೀ. ದುಡ್ಡು, ಜೊತೆಗೆ ಚಾಲಕರ ಭತ್ಯೆ, ಟೋಲ್. ನೀವು ಓಡುವುದು ಹೋಗಿ ಬಂದು 300, ಸುತ್ತಾಟ 60. ಶನಿವಾರ ಗಾಡಿ ಹೆಚ್ಚುಕಡಿಮೆ ಸುಮ್ಮನೆ ನಿಂತಿರುತ್ತದೆ. ನಿಮ್ಮ ಕಾರುಗಳೇ ಸಾಕು. ಆದರೆ ಘ ಮನೆಯ ಐವರಿಗೆ ಸೀಟು ಎಣಿಸಿ ನೋಡಿ: ಕ ಮನೆ ನಾಲ್ವರು, ಖ ಮನೆ ಐವರು. ಎರಡು ಐದು ಸೀಟಿನ ಕಾರಿನಲ್ಲಿ ಉಳಿಯುವುದು ಒಂದೇ ಸೀಟು. ಎರಡೂ ಏಳು ಸೀಟಿನ ಗಾಡಿಯೇ ಆಗಬೇಕು, ಇಲ್ಲವೇ ಘ ಮನೆಗೆ ಹೋಗಲು, ಬರಲು ಬೇರೆ ಬೇರೆ ಟ್ಯಾಕ್ಸಿ. ಆ ಟ್ಯಾಕ್ಸಿ ಖರ್ಚು ಅವರದೇ. ಬೇರೆಯವರ ಕಾರಿನಲ್ಲಿ ಕೂತರೆ ಆ ಕಾರಿನ ಇಂಧನ ಮತ್ತು ಫಾಸ್ಟ್ಯಾಗ್ ಟೋಲ್ ಮಾತ್ರ ಸೀಟಿನ ಮೇಲೆ ಹಂಚಿ, ಬಂಗಲೆಯ ಪಟ್ಟಿಗೆ ಸೇರಿಸಬೇಡಿ. ಹೊರಡುವಾಗ ಟ್ಯಾಂಕ್ ತುಂಬಿಸಿ, ಬಂದ ಮೇಲೆ ಮತ್ತೆ ತುಂಬಿಸಿದ ಬಿಲ್ಲೇ ಸರಿಯಾದ ಖರ್ಚು.

ತಮ್ಮನವರಿಗೆ: ಠಾಣೆಯಿಂದ ಪನ್ವೇಲ್, ಪೇಣ್, ವಡಖಳ್ ದಾರಿ ನೇರ. 2024ರ ಜನವರಿಯಲ್ಲಿ ಶುರುವಾದ ಅಟಲ್ ಸೇತು (ಸಮುದ್ರದ ಮೇಲಿನ ಸೇತುವೆ) ಮುಂಬೈನ ಶಿವಡಿಯಿಂದ ಹೊರಡುತ್ತದೆ, ಠಾಣೆಯವರಿಗೆ ಸುತ್ತು, ಟೋಲ್ ಬೇರೆ. ಮುಂಬೈನ ಭಾವೂಚಾ ಧಕ್ಕಾದಿಂದ ಅಲಿಬಾಗ್ ಕಡೆಯ ಮಾಂಡವಾಕ್ಕೆ ಕಾರು ಸಮೇತ ರೋ-ರೋ ಹಡಗು ಇದೆ, ಸುಮಾರು ಒಂದು ಗಂಟೆ. ಆದರೆ ಕಾರಿಗೆ ಬೇರೆ, ತಲೆಗೆ ಬೇರೆ ಟಿಕೆಟ್. ಅದು ಅವರ ಖುಷಿ, ಅವರ ಖರ್ಚು. ವಾರಾಂತ್ಯಕ್ಕೆ ವಡಖಳ್ ಬಳಿ ವಾಹನ ನಿಂತುಬಿಡುತ್ತವೆ, ಆ ರಾತ್ರಿ ಊಟ ಒಂಬತ್ತಕ್ಕೆ ಅಂತಲೇ ಇಟ್ಟುಕೊಳ್ಳಿ.

ಸಿಂಹಗಡ ರಸ್ತೆ (ಪುಣೆ):

ಲೆಕ್ಕದ ಪುಸ್ತಕ ಅವರ ಪಟ್ಟಿಯಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಖ ಮನೆಗೆ 4.5 ಪಾಲು ಹಾಕಿದ್ದೀರಿ. ಅದರಲ್ಲಿ ಎರಡು ಪಾಲು ಅಪ್ಪ-ಅಮ್ಮನದು. ಅವರು ನಾಲ್ವರಿಗೂ ಅಪ್ಪ-ಅಮ್ಮ. ಯಾರ ಮನೆಯಲ್ಲಿ ಇದ್ದಾರೋ ಅವರ ಹೆಸರಿಗೇ ಬರೆದರೆ, ವರ್ಷವಿಡೀ ನೋಡಿಕೊಳ್ಳುವ ಮಗ-ಸೊಸೆಗೆ ಪ್ರವಾಸದಲ್ಲೂ ಅದೇ ಭಾರ. ಹೊರಗಿನ ಸ್ನೇಹಿತರ ಗುಂಪಾದರೆ ಅವರವರ ಹಿರಿಯರು ಅವರವರ ಪಾಲಿಗೆ, ಸರಿ. ಒಡಹುಟ್ಟಿದವರ ಗುಂಪಿನಲ್ಲಿ ಹಾಗಲ್ಲ. ತಂಗಿಯ ಅತ್ತೆಯವರ ಪಾಲು ಮಾತ್ರ ಘ ಮನೆಯಲ್ಲೇ ಇರಲಿ.

ಲೆಕ್ಕ ಹೀಗೆ ಬದಲಾಗುತ್ತದೆ. ಹಿರಿಯರಿಬ್ಬರ ಊಟ 10 ಪಾಲು, 2,000 ರೂ., ನಾಲ್ಕರಲ್ಲಿ ತಲಾ 500. ಆಗ ಊಟಕ್ಕೆ ಕ 4,000, ಖ 3,000, ಗ 1,500, ಘ 4,000. ಬಂಗಲೆಯಲ್ಲಿ ಅವರ ತಲೆಯ ಭಾಗ 2,667, ತಲಾ 667. ಆಗ ಕ 9,834, ಖ 8,500, ಗ 7,833, ಘ 9,833. ಇದನ್ನು ಅಪ್ಪ-ಅಮ್ಮನ ಎದುರು ಚರ್ಚಿಸಬೇಡಿ. ನಮ್ಮಿಂದ ಮಕ್ಕಳಿಗೆ ಖರ್ಚು ಅಂತ ಕೇಳಿದರೆ ಅವರು ಬರುವುದೇ ಇಲ್ಲ ಅಂದುಬಿಟ್ಟಾರು.

ಇನ್ನೊಂದು, ಕೆಲಸದ ಪಾಲು. ದುಡ್ಡಿನ ಲೆಕ್ಕ ಪೈಸೆಗೆ ಪೈಸೆ ಹಾಕಿ ಅಡುಗೆಮನೆಯನ್ನು ಅತ್ತಿಗೆಯ ಕೈಗೆ ಬಿಟ್ಟರೆ ಅದು ಹಂಚಿಕೆಯೇ ಅಲ್ಲ. ಒಂದು ಹೊತ್ತಿಗೆ ಒಂದು ಮನೆ ಅಂತ ಹೆಸರು ಬರೆಯಿರಿ. ಸಾಮಾನು ತೆಗೆಯುವುದು, ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಒಲೆ ಒರೆಸುವುದು ಎಲ್ಲ ಆ ಮನೆಯ ಗಂಡ-ಹೆಂಡತಿ ಇಬ್ಬರದೂ. ಉಪ್ಪಿಟ್ಟು ಕ ಮನೆ, ಬಿಸಿಬೇಳೆ ಘ ಮನೆ, ಅವಲಕ್ಕಿ ಗ ಮನೆ. ಖ ಮನೆಗೆ ಶುಕ್ರವಾರದ ಗೊಜ್ಜು ಮತ್ತು ಬುತ್ತಿ ಕಟ್ಟುವುದು ಸಾಕು, ಹಿರಿಯರನ್ನು ನೋಡಿಕೊಳ್ಳುವುದೂ ಅವರೇ ತಾನೆ. ಚಹಾ ಮಾತ್ರ ಬೆಳಗ್ಗೆ ಮೊದಲು ಎದ್ದ ಗಂಡಸರದು. ತಟ್ಟೆ ತೊಳೆಯುವ ಕೆಲಸ ಉಳಿಸಲು ಅಡಿಕೆ ಹಾಳೆ ತಟ್ಟೆ ಒಯ್ಯಿರಿ: ಆರು ಹೊತ್ತಿಗೆ 16ರಂತೆ 96, ತಡವಾಗಿ ಬರುವ ಇಬ್ಬರ ಮೂರು ಹೊತ್ತು ಬಿಟ್ಟರೆ 90. ಇಪ್ಪತ್ತೈದರ ನಾಲ್ಕು ಕಟ್ಟು. ಥರ್ಮೋಕೋಲ್, ಪ್ಲಾಸ್ಟಿಕ್ ತಟ್ಟೆಗೆ ಮಹಾರಾಷ್ಟ್ರದಲ್ಲಿ 2018ರಿಂದ ನಿಷೇಧ ಇದೆ. ಪಾತ್ರೆಗಳಿಗೆ ಕೇರ್‌ಟೇಕರ್ ಮನೆಯವರಿಗೆ ಮೊದಲೇ ದುಡ್ಡು ಮಾತಾಡಿ, ಅದನ್ನು ಮನೆಗೊಂದು ಪಾಲಿನಂತೆ ಹಾಕಿ.

ವಾಕಡ್ ಕನ್ನಡತಿ:

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪ-ಅಮ್ಮನ ಪಾಲಿನ ಮಾತು ಅಣ್ಣನಿಗೆ ಹೇಳಲು ನಮಗೆ ತೋಚಿರಲಿಲ್ಲ, ಹಾಗೇ ಮಾಡುತ್ತೇವೆ. ಇನ್ನೆರಡು ಕೇಳಬೇಕು. ಬಂಗಲೆ ದುಡ್ಡು ನಾವು, ದಿನಸಿ ಅಣ್ಣ, ತರಕಾರಿ-ಹಾಲು ಮತ್ತು ಕೆಲಸದವರ ದುಡ್ಡು ತಂಗಿ, ಮೀನು ತಮ್ಮ ಕೊಡುತ್ತಾರೆ. ಕೊನೆಗೆ ಯಾರು ಯಾರಿಗೆ ಎಷ್ಟು? ಕಡೇ ಗಳಿಗೆಯಲ್ಲಿ ಒಂದು ಮನೆಯವರು ಬರದಿದ್ದರೆ?

ಲೆಕ್ಕದ ಪುಸ್ತಕ:

ಸಿಂಹಗಡ ರಸ್ತೆಯವರು ಹೇಳಿದ್ದೇ ಸರಿ, ಅದನ್ನೇ ಹಿಡಿದು ಮಾಡೋಣ. ಕೆಲಸದವರಿಗೆ 3,000 ಅಂತಿಟ್ಟರೆ ತಲಾ 750. ಮೀನು 2,400, ತಿನ್ನುವವರು ಆರು, ಒಬ್ಬರಿಗೆ 400, ಅಂದರೆ ಕ, ಗ, ಘ ತಲಾ 800.

ಪ್ರತಿ ಮನೆಯ ಪಾಲು: ಕ 15,384, ಖ 12,250, ಗ 10,883, ಘ 15,383. ಕೂಡಿಸಿದರೆ 53,900. ಒಟ್ಟು ಖರ್ಚೂ (36,000, 12,500, 3,000, 2,400) ಅಷ್ಟೇ. ಇವೆರಡು ತಾಳೆಯಾಗದೆ ಮುಂದೆ ಹೋಗಬೇಡಿ. ತಾಳೆಯಾಗದಿದ್ದರೆ ಹೆಚ್ಚಾಗಿ ಒಂದು ಬಿಲ್ಲನ್ನು ಕೊಟ್ಟವರೂ ತಂದವರೂ ಇಬ್ಬರೂ ಬರೆದಿರುತ್ತಾರೆ.

ಈಗ ಕೊಟ್ಟದ್ದು: ಕ 36,000, ಖ ದಿನಸಿಗೆ 9,500, ಘ ತರಕಾರಿ-ಹಾಲು 3,000 ಮತ್ತು ಕೆಲಸದವರಿಗೆ 3,000, ಒಟ್ಟು 6,000, ಗ 2,400. ಕೊಟ್ಟದ್ದರಲ್ಲಿ ಪಾಲು ಕಳೆಯಿರಿ. ಕ ಮನೆಗೆ 20,616 ಬರಬೇಕು. ಖ 2,750, ಗ 8,483, ಘ 9,383 ಕೊಡಬೇಕು. ಮೂರೂ ಕೂಡಿದರೆ 20,616. ಮೂರೇ ವರ್ಗಾವಣೆ, ಮೂರೂ ನಿಮಗೇ. ಬಿಲ್ಲಿಗೊಂದರಂತೆ ಇವರು ಅವರಿಗೆ, ಅವರು ಇವರಿಗೆ ಕಳಿಸುತ್ತಾ ಹೋದರೆ ಹತ್ತು ಹದಿನೈದು ಆಗುತ್ತದೆ, ಯಾವುದು ಬಂತು ಯಾವುದು ಬಾಕಿ ಅಂತ ಯಾರಿಗೂ ತಿಳಿಯುವುದಿಲ್ಲ. ಮುಂಗಡ ಮೊದಲೇ ಪಡೆದಿದ್ದರೆ ಇದೇ ಮೊತ್ತದಲ್ಲಿ ಅದನ್ನು ಕಳೆದರಾಯಿತು.

ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳುವ ರಿಕ್ವೆಸ್ಟ್ ಸೌಲಭ್ಯ 2025ರ ಅಕ್ಟೋಬರ್‌ನಿಂದ ನಿಂತಿದೆ. ಅದರ ಬದಲು ನಿಮ್ಮ ಕ್ಯೂಆರ್ ಚಿತ್ರ ಮತ್ತು ಮೊತ್ತ ಗುಂಪಿನಲ್ಲಿ ಹಾಕಿ, ಟಿಪ್ಪಣಿಯಲ್ಲಿ 'ನಾಗಾವ್' ಅಂತ ಬರೆಯಲು ಹೇಳಿ. ಭಾನುವಾರ ರಾತ್ರಿಯೇ ಶೀಟ್ ಮುಚ್ಚಿ, ಬುಧವಾರದೊಳಗೆ ವರ್ಗಾವಣೆ ಮುಗಿಯಲಿ.

ಬಾರದವರ ವಿಷಯ. ಬಂಗಲೆಯ ದುಡ್ಡು ವಾಪಸ್ ಸಿಗುವ ಕೊನೆಯ ದಿನ ಯಾವುದು ಅಂತ ಮಾಲೀಕರಿಂದ ಬರಹದಲ್ಲಿ ತಗೊಳ್ಳಿ. ಅದಕ್ಕೂ ಮೊದಲು ಬಿಟ್ಟವರು ಏನೂ ಕೊಡಬೇಕಿಲ್ಲ, ಉಳಿದವರು ಸಣ್ಣ ಬಂಗಲೆ ಹುಡುಕಬಹುದು. ಆ ದಿನದ ನಂತರ ಬಿಟ್ಟರೆ ಕೋಣೆಯ ಭಾಗ 4,500 ಅವರು ಕೊಡಬೇಕು, ತಲೆಯ ಭಾಗವನ್ನು ಉಳಿದವರು ಹಂಚಿಕೊಳ್ಳಬೇಕು. ಊಟದ್ದು ದಿನಸಿ ಕೊಳ್ಳುವ ಮೊದಲು ಹೇಳಿದರೆ ಸೊನ್ನೆ. ಕೊಂಡ ಮೇಲಾದರೆ ಹಾಲು, ತರಕಾರಿ, ಹೇಳಿಟ್ಟ ತಟ್ಟೆ ಇಂಥ ಕೆಡುವ ಸಾಮಾನಿನ ಪಾಲು ಮಾತ್ರ. ಅಕ್ಕಿ-ಬೇಳೆ ಉಳಿದರೆ ಕೊಂಡ ಬೆಲೆಗೆ ಯಾವುದಾದರೂ ಮನೆ ಒಯ್ಯಲಿ, ಆ ದುಡ್ಡನ್ನು ಊಟದ ಖರ್ಚಿನಲ್ಲಿ ಕಳೆಯಿರಿ. ಕಾಯಿಲೆಯಿಂದ ಬರಲಾಗದಿದ್ದರೆ ಈ ಯಾವ ನಿಯಮವೂ ಬೇಡ, ಅವರ ಪಾಲನ್ನು ಮೂರು ಮನೆ ಸೇರಿ ಹೊರಿ.

ಖಡಕ್ ರೊಟ್ಟಿ:

ಅಕ್ಕಾರ, ಒಂದು ಬಿಟ್ಟಿತ್ತು. ಅಪ್ಪಾರಿಗೆ ಖಡಕ್ ರೊಟ್ಟಿ ಕಡಿಲಿಕ್ಕೆ ಆಗದಿದ್ರ ಅವರ ಬುತ್ತಿಗೆ ಆರು ಮೆತ್ತಗಿನ ಚಪಾತಿ ಬ್ಯಾರೆ ಕಟ್ಟರಿ. ಹಿಟ್ಟು ಬಿಸಿ ಹಾಲಿನ್ಯಾಗ ನಾದಿದ್ರ ಮಧ್ಯಾಹ್ನದ ತನಕ ಮೆತ್ತಗೇ ಇರ್ತಾವ.